ಕುಶಲಾ ಬರೆದ ಶಿಫಾರಸು

ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು ಕುಶಲಾಳ ಕೆಲಸವಾಗಿತ್ತು. ಮಂಗಳೂರಿನ ಬಲ್ಮಠದ ಬಳಿ ಹಳೆಯ ಹಂಚಿನ ಕಟ್ಟಡವೊಂದರ ಮಹಡಿಯಲ್ಲಿದ್ದ ಸಣ್ಣ ಅಧ್ಯಯನ ಕೇಂದ್ರಕ್ಕೆ ಅವಳು ಸೇರಿದಾಗ ಇನ್ನೂ ಹುಡುಗಿ. ಈ ಕತೆ ನಡೆಯುವ ಹೊತ್ತಿಗೆ ಕಿವಿಯ ಹಿಂದಿನ ಕೂದಲು ಬೆಳ್ಳಗಾಗಿತ್ತು. ಬೀಡಿ ಕಟ್ಟುವವರ ಕೆಮ್ಮು, ಮೀನು ಮಾರುವ ಹೆಂಗಸರಿಗೆ ಮಾರ್ಕೆಟಿನಲ್ಲಿ ಶೌಚಾಲಯ ಇಲ್ಲದ ಕಷ್ಟ, ಸಿಟಿ ಬಸ್ಸಿನ ಮೆಟ್ಟಿಲು ಹತ್ತಲಾಗದ ಮುದುಕಿಯರು, ಇಂಥವುಗಳ ಮೇಲೆ ಕೇಂದ್ರ ವರದಿಗಳನ್ನು ಹೊರತಂದಿತ್ತು. ಆ ಎಲ್ಲ ವರದಿಗಳಿಗೆ ಜನರ ಬಾಯಿಂದ ಮಾತು ಹೊರಡಿಸಿ ತಂದವಳು ಕುಶಲಾ. ಬರೆಯುವವರು ಮಾತ್ರ ಬೇರೆಯವರು.

ಅವಳಲ್ಲಿ ಜನ ಮಾತಾಡುತ್ತಿದ್ದರು. ತುಳುವಿನವರ ಮನೆಯಲ್ಲಿ ತುಳು, ಬ್ಯಾರಿಗಳ ಮನೆಯಲ್ಲಿ ತಪ್ಪುತಪ್ಪಾದರೂ ಬ್ಯಾರಿ, ಕೊಂಕಣಿಯವರಲ್ಲಿ ನಾಲ್ಕು ಮಾತು ಕೊಂಕಣಿ. ಕೊಟ್ಟ ಚಹಾವನ್ನು ಬೇಡ ಎನ್ನುತ್ತಿರಲಿಲ್ಲ. ಯಾರಾದರೂ ಅತ್ತರೆ ಪೆನ್ನನ್ನು ಕೆಳಗಿಟ್ಟು ಸುಮ್ಮನೆ ಕುಳಿತುಕೊಳ್ಳುತ್ತಿದ್ದಳು.

ಮದುವೆ ಆಗಿರಲಿಲ್ಲ. ಪಣಂಬೂರಿನ ಬಂದರಿನಲ್ಲಿ ದುಡಿಯುತ್ತಿದ್ದ ತಂದೆ ಗುರುವಪ್ಪ ಬೇಗ ತೀರಿಕೊಂಡಿದ್ದರು. ಉರ್ವದ ಚಿಕ್ಕ ಮನೆಯಲ್ಲಿ ಉಳಿದವರು ತಾಯಿ ಗುಲಾಬಿ, ಕುಶಲಾ ಮತ್ತು ಅವಳಿಗಿಂತ ಬಹಳ ಕಿರಿಯ ತಮ್ಮ ದೀಪೇಶ್. ತಾಯಿ ಮೊರದ ತುಂಬ ಬೀಡಿ ಕಟ್ಟುತ್ತ ಕುಳಿತಿರುವಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಶಾಲೆಗೆ ಬಿಟ್ಟು ಬಂದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಕುಶಲಾ. ದೀಪೇಶ್ ಎಲೆಕ್ಟ್ರಿಕಲ್ ಕೆಲಸ ಕಲಿತು ಕುವೈಟಿಗೆ ಹೋದ. ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಬಂದ ದಿನವೇ ಅಮ್ಮನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿ, ಮದುವೆಯ ವಯಸ್ಸು ದಾಟಿದ ಮೇಲೂ ಅವಳಿಂದ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ.

ಅಂಥದೊಂದು ರಜೆಯಲ್ಲಿ, ಮೇ ತಿಂಗಳ ಸೆಕೆಯಲ್ಲಿ, ಗುಲಾಬಿಗೆ ಮೈ ಸರಿ ಇಲ್ಲದಾಯಿತು. ಕುಶಲಾ ಆ ದಿನ ಕೆಲಸದ ಮೇಲೆ ಪುತ್ತೂರಿಗೆ ಹೋಗಿದ್ದಳು. ದೀಪೇಶ್ ತಾಯಿಯನ್ನು ರಿಕ್ಷಾದಲ್ಲಿ ಕೂರಿಸಿ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದ. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ಗ್ಯಾಸಿನ ಮಾತ್ರೆ ಬರೆದು ಕಳಿಸಿದರು. ಸಂಜೆ ಕುಶಲಾ ಮನೆಗೆ ಬಂದಾಗ ತಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಗಂಜಿಯನ್ನು ಅರ್ಧ ಕುಡಿದು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಬೆಳಿಗ್ಗೆ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ಹೃದಯಾಘಾತ.

"ಡಾಕ್ಟರಿಗೆ ಭಾಷೆಯೇ ಬರ್ಲಿಲ್ಲ. ಹೊರಗಿನವ. ಅಮ್ಮ ಹೇಳಿದ್ದು ಅವನಿಗೆ ಎಂತ ಅರ್ಥ ಆಗ್ಬೇಕು?" ಬಂದವರೆಲ್ಲರಿಗೂ ದೀಪೇಶ್ ಇದನ್ನೇ ಹೇಳಿದ. ಕೇಳಿದವರೆಲ್ಲ ತಲೆಯಾಡಿಸಿದರು. ಊರಿನಲ್ಲಿ ಎಲ್ಲರಿಗೂ ಇಂಥ ಅನುಭವ ಒಂದೊಂದು ಇತ್ತು. ಕುಶಲಾಳೂ ಅದನ್ನು ನಂಬಿದಳು, ತನ್ನ ಬಾಯಿಂದಲೂ ಹೇಳಿದಳು. ಅಮ್ಮನ ಉತ್ತರಕ್ರಿಯೆಯ ಬೊಜ್ಜ ಮುಗಿದ ಕೂಡಲೇ ರಜೆ ಇನ್ನೂ ಬಾಕಿ ಇರುವಾಗಲೇ ದೀಪೇಶ್ ಕುವೈಟಿಗೆ ಹೊರಟುಹೋದ. ಮುಂದಿನ ಮೂರು ವರ್ಷ ಬರಲಿಲ್ಲ. ಕೇಳಿದರೆ, "ರಜೆ ಸಿಗುದಿಲ್ಲ ಅಕ್ಕ, ಕೆಲಸ ಜಾಸ್ತಿ ಉಂಟು" ಎನ್ನುತ್ತಿದ್ದ.

ದುಃಖಕ್ಕಿಂತ ಸಿಟ್ಟು ಅವಳನ್ನು ನಡೆಸಿತು. ಕೇಂದ್ರವನ್ನು ನಡೆಸುತ್ತಿದ್ದ ನಿವೃತ್ತ ಪ್ರಾಧ್ಯಾಪಕ ಬೊನಿಫಾಸ್ ಸರ್ ಒಂದು ದಿನ ಮುಂದಿನ ಅಧ್ಯಯನಕ್ಕೆ ವಿಷಯ ಹುಡುಕುತ್ತಿದ್ದರು. ಕುಶಲಾ ಮೊದಲ ಬಾರಿ ತಾನಾಗಿ ಬಾಯಿ ತೆರೆದಳು.

"ತುರ್ತು ವಿಭಾಗದಲ್ಲಿ ರೋಗಿ ಹೇಳಿದ್ದು ಡಾಕ್ಟರಿಗೆ ಮುಟ್ಟುತ್ತದಾ ಅಂತ ನೋಡುವ ಸರ್. ತುಳು, ಬ್ಯಾರಿ ಬಿಟ್ಟು ಬೇರೆ ಬಾರದವರು ಎಷ್ಟು ಜನ ಇದ್ದಾರೆ."

ಬೊನಿಫಾಸ್ ಸರ್ ಕನ್ನಡಕ ತೆಗೆದು ಅವಳ ಮುಖ ನೋಡಿದರು. ಗುಲಾಬಿಯ ಸಾವು ಅವರಿಗೆ ಗೊತ್ತಿತ್ತು.

"ಇದು ನಿಮ್ಮ ಅಮ್ಮನ ವಿಷಯವಾ, ಊರಿನ ವಿಷಯವಾ?"

"ಎರಡೂ ಸರ್."

ಅವರು ಕೂಡಲೇ ಒಪ್ಪಲಿಲ್ಲ. ಒಂದು ವಾರ ಕಳೆದು ಕರೆದರು. "ನಿಮ್ಮ ಅಮ್ಮ ಹೋದ ಆಸ್ಪತ್ರೆಯ ಕಡೆ ನೀವು ಹೋಗುವುದು ಬೇಡ, ಅಲ್ಲಿನ ರೋಗಿಗಳೂ ಬೇಡ. ಉಳಿದ ಕಡೆ ಮಾಡುವ. ಮತ್ತೆ, ಈ ಸಲ ಶಿಫಾರಸುಗಳ ಅಧ್ಯಾಯ ನೀವೇ ಬರೀಬೇಕು. ಜನರ ಮಾತು ಕೇಳಿದವರು ನೀವು."

ಆ ಅಧ್ಯಾಯದಲ್ಲಿ ಬರೆಯಬೇಕಾದದ್ದು ಕುಶಲಾಳ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು.

ಅಧ್ಯಯನದ ಕ್ರಮ ಸರಳ. ತುರ್ತು ವಿಭಾಗಕ್ಕೆ ಹೋಗಿ ಬಂದ ರೋಗಿಯನ್ನು ಕೇಳುವುದು: ನೀವು ಏನು ಹೇಳಿದಿರಿ? ಜೊತೆಗೆ ಹೋದವರನ್ನು ಬೇರೆಯಾಗಿ ಕೇಳುವುದು: ನೀವು ಏನು ಹೇಳಿದಿರಿ? ಸಾಧ್ಯವಾದಲ್ಲಿ ವೈದ್ಯರನ್ನೂ ಕೇಳುವುದು: ನಿಮಗೆ ಏನು ಕೇಳಿಸಿತು? ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು. ಕುಶಲಾ ಒಂದು ವರ್ಷ ಮಂಗಳೂರಿನ ಉದ್ದಗಲ ಅಲೆದಳು.

ತೊಕ್ಕೊಟ್ಟಿನಲ್ಲಿ ಅಫ್ರೋಝ್ ಎಂಬ ತರುಣ ಸಿಕ್ಕಿದ. ಜಂಕ್ಷನ್ನಿನ ಹತ್ತಿರ ಅವನದೊಂದು ಮೊಬೈಲ್ ರಿಪೇರಿ ಅಂಗಡಿ, ಹಿಂದೆಯೇ ಮನೆ. ಒಳಗೆ ಮಂಚದ ಮೇಲೆ ತಂದೆ ಮಲಗಿದ್ದರು, ಬಲಗೈ ಬಲಗಾಲು ಬಿದ್ದುಹೋಗಿತ್ತು. ಮಾತು ನಿಧಾನವಾದರೂ ಬ್ಯಾರಿಯಲ್ಲಿ ಸ್ಪಷ್ಟವಾಗಿ ಹೇಳಿದರು: ಆ ದಿನ ಬೆಳಿಗ್ಗೆ ಎದ್ದಾಗ ನನ್ನ ಕೈ ನನ್ನದಲ್ಲ, ಬೇರೆ ಯಾರದೋ ಎಂಬ ಹಾಗೆ ಇತ್ತು, ಅದನ್ನೇ ಮಗನಿಗೆ ಹೇಳಿದೆ.

ಅಂಗಡಿಗೆ ಬಂದು ಕುಶಲಾ ಅಫ್ರೋಝ್‌ನನ್ನು ಕೇಳಿದಳು. "ಡಾಕ್ಟರಲ್ಲಿ ನೀವು ಎಂತ ಹೇಳಿದ್ದು?"

"ವೀಕ್‌ನೆಸ್ ಅಂತ ಹೇಳಿದೆ." ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತಿದ್ದ. "ತುಂಬ ರಶ್ ಇತ್ತು ಅಕ್ಕ. ಡಾಕ್ಟರ್ ಬೇಗ ಹೇಳಿ ಬೇಗ ಹೇಳಿ ಅಂತಿದ್ರು. ಕೈ ಬೇರೆಯವರದ್ದು ಅಂದ್ರೆ ಅವರಿಗೆ ಎಂತ ಅನ್ನಿಸ್ತದೆ ಅಂತ ಶಾರ್ಟ್ ಮಾಡಿದೆ." ಸ್ಕ್ರೂಡ್ರೈವರನ್ನು ಕೆಳಗಿಟ್ಟು ಕೇಳಿದ: "ನಾನು ಸರಿ ಹೇಳಿದ್ದರೆ ತಂದೆ ಈಗ ನಡೀತಿದ್ರಾ?"

ಸಂದರ್ಶಕರು ಇಂಥ ಪ್ರಶ್ನೆಗೆ ಉತ್ತರಿಸಬಾರದು. ಆದರೂ ಕುಶಲಾ ಅವನ ಭುಜ ಮುಟ್ಟಿ, "ನಿಮ್ಮ ತಪ್ಪಲ್ಲ ಮಾರಾಯ್ರೆ. ನಿಮಗೆ ಯಾರು ಕಲಿಸಿದ್ದಾರೆ ಇದನ್ನೆಲ್ಲ? ಆ ಭಾರ ತಲೆಯಿಂದ ಇಳಿಸಿ" ಎಂದಳು. ಆ ಮಾತು ಅವಳ ಬಾಯಿಂದ ಸಲೀಸಾಗಿ ಬಂತು. ಅಫ್ರೋಝ್ ಮುಖ ಒರೆಸಿಕೊಂಡು ಒಳಗೆ ಹೋಗಿ ಅವಳಿಗೆ ಚಹಾ ತಂದ.

ಮಾತುಗಳೆಲ್ಲ ಸೇರಿದ ಮೇಲೆ ಕುಶಲಾ ಬರೆಯಲು ಕುಳಿತಳು. ಮೊದಲ ಶಿಫಾರಸು ಒಂದೇ ಉಸಿರಿಗೆ ಬಂತು: ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಎಲ್ಲ ವೈದ್ಯರೂ ತುಳು ಕಲಿಯಲೇಬೇಕು, ಬಾರದವರನ್ನು ತುರ್ತು ವಿಭಾಗದಲ್ಲಿ ಇಡಬಾರದು. ಬೊನಿಫಾಸ್ ಸರ್ ಅದನ್ನು ಓದಿ ಕಾಗದವನ್ನು ಮೇಜಿನ ಮೇಲಿಟ್ಟರು.

"ಇದು ಯಾವ ಫಲಿತಾಂಶದ ಮೇಲೆ ನಿಂತಿದೆ? ಬೆರಳಿಟ್ಟು ತೋರಿಸಿ."

"ಅದು ಎಲ್ಲರಿಗೂ ಗೊತ್ತುಂಟಲ್ಲ ಸರ್."

"ಎಲ್ಲರಿಗೂ ಗೊತ್ತಿದ್ದದ್ದನ್ನು ಬರೀಲಿಕ್ಕೆ ಒಂದು ವರ್ಷ ಯಾಕೆ ತಿರುಗಿದ್ದು? ಶಿಫಾರಸು ಅಂದ್ರೆ ನಮ್ಮ ಆಸೆ ಅಲ್ಲ ಕುಶಲಾ. ಕಂಡದ್ದರಿಂದ ಏನು ಮಾಡಬೇಕು ಅಂತ ಹೊರಡ್ತದೋ ಅದು. ಯಾರು ಮಾಡಬೇಕು, ಹೇಗೆ ಮಾಡಬಹುದು, ಅದೂ ಇರಬೇಕು. ನತಾಶಾಳ ಹತ್ತಿರ ಹೋಗಿ ನೋಡಿ."

ನತಾಶಾ ಕೇಂದ್ರದಲ್ಲಿ ಅಂಕಿ ಅಂಶ ನೋಡಿಕೊಳ್ಳುವ ಹುಡುಗಿ. ಅವಳು ಕಂಪ್ಯೂಟರಿನ ಪರದೆಯನ್ನು ಕುಶಲಾಳ ಕಡೆ ತಿರುಗಿಸಿದಳು.

"ನಂಗೂ ಆಶ್ಚರ್ಯ ಆಯ್ತು ಕುಶಲಕ್ಕ. ಭಾಷೆ ಬಾರದ ಡಾಕ್ಟರ್ ಇದ್ದಲ್ಲಿ ಹೆಚ್ಚು ತಪ್ಪು ಆಗಿರ್ಬೇಕು ಅಂತ ನಾವು ಅಂದ್ಕೊಂಡದ್ದು. ಆದ್ರೆ ಡಾಕ್ಟರ್ ಮತ್ತೆ ರೋಗಿ ಇಬ್ಬರೇ ಇದ್ದಲ್ಲಿ, ಕೈಸನ್ನೆ ಮಾಡಿ, ಮುಟ್ಟಿ ನೋಡಿ, ಹೇಗೋ ತಿಳ್ಕೊಂಡಿದ್ದಾರೆ. ಗೊತ್ತಾಗದಿದ್ರೆ ಇನ್ನೊಂದು ಪರೀಕ್ಷೆ ಮಾಡಿದ್ದಾರೆ. ಮನೆಯವರು ನಡುವೆ ನಿಂತು ಹೇಳಿದಲ್ಲೇ ರೋಗಿಯ ಮಾತು ಕಳೆದು ಹೋದದ್ದು. ಡಾಕ್ಟರಿಗೆ ಎಲ್ಲ ಅರ್ಥ ಆಯ್ತು ಅಂತ ಅನ್ನಿಸ್ತದೆ, ಮತ್ತೆ ಅವರು ಕೇಳುದೇ ಇಲ್ಲ."

"ಹಾಗೆ ಆಗ್ಲಿಕ್ಕಿಲ್ಲ. ಇನ್ನೊಮ್ಮೆ ನೋಡು."

ನತಾಶಾ ಇನ್ನೊಮ್ಮೆ ನೋಡಿದಳು. ಕುಶಲಾ ಸಂದರ್ಶನದ ಹಾಳೆಗಳನ್ನು ತಾನೇ ಹರಡಿಕೊಂಡು ಕುಳಿತಳು. ತಾಯಿ ಹೇಳಿದ್ದು ಒಂದು, ಸೊಸೆ ಮುಟ್ಟಿಸಿದ್ದು ಇನ್ನೊಂದು. ಗಂಡ ಹೇಳಿದ್ದು ಉದ್ದ, ಹೆಂಡತಿ ಮುಟ್ಟಿಸಿದ್ದು ಒಂದು ಶಬ್ದ. ಎಲ್ಲವನ್ನೂ ಬರೆದುಕೊಂಡವಳು ಅವಳೇ. ಒಂದೊಂದಾಗಿ ಕೇಳುವಾಗ ಅದು ಆ ಮನೆಯ ಕತೆಯಾಗಿತ್ತು, ಒಟ್ಟಿಗೆ ಇಟ್ಟಾಗ ಬೇರೇನೋ ಆಯಿತು. ಹಾಳೆ ತಿರುವುತ್ತ ತಿರುವುತ್ತ ಅವಳ ಕೈ ನಿಂತಿತು. ಊರಿನ ಅಷ್ಟೂ ಮನೆಗಳಲ್ಲಿ ಕೇಳಿದ ಪ್ರಶ್ನೆಯನ್ನು ತನ್ನ ಮನೆಯಲ್ಲಿ ಅವಳು ಕೇಳಿರಲಿಲ್ಲ. ಅಮ್ಮನ ಜೊತೆಗೆ ಹೋದವನು ಡಾಕ್ಟರಲ್ಲಿ ಏನು ಹೇಳಿದ?

ಅಮ್ಮ ತೀರಿಕೊಂಡು ಮೂರು ವರ್ಷವಾದ ಆ ಮೇ ತಿಂಗಳಲ್ಲಿ ದೊಡ್ಡಮ್ಮನ ಮೊಮ್ಮಗಳ ಮದುವೆ ಇತ್ತು. ಎಲ್ಲರೂ ಒತ್ತಾಯಿಸಿ ದೀಪೇಶ್‌ನನ್ನು ಬರುವಂತೆ ಮಾಡಿದರು. ಬಂದವನ ಕೆನ್ನೆ ಒಳಗೆ ಹೋಗಿತ್ತು. ಅಮ್ಮನ ಫೋಟೋದ ಮುಂದೆ ನಿಂತು ಕೈ ಮುಗಿದು, ಬೇಗನೆ ಪಕ್ಕಕ್ಕೆ ಸರಿದ. ಒಳಗಿನ ಕೋಣೆಯಲ್ಲಿ ಮಲಗದೆ ಜಗಲಿಯಲ್ಲೇ ಚಾಪೆ ಹಾಕಿಕೊಂಡ.

ಮದುವೆ ಮುಗಿದ ಮರುದಿನ ಕುಶಲಾ ಉರ್ವದ ಮಾರ್ಕೆಟಿನಿಂದ ಅವನಿಗೆ ಇಷ್ಟವಾದ ಬೂತಾಯಿ ಮೀನು ತಂದಳು. ಹಿತ್ತಿಲಿನ ಕಲ್ಲಿನ ಬಳಿ ಕುಳಿತು ಮೀನು ಕ್ಲೀನ್ ಮಾಡುತ್ತಿದ್ದಳು. ದೀಪೇಶ್ ಬಾಗಿಲಿನ ಮೆಟ್ಟಿಲ ಮೇಲೆ ಕುಳಿತಿದ್ದ. ಅವನೇ ಅವಳ ಕೆಲಸದ ಬಗ್ಗೆ ಕೇಳಿದ. ಅವಳು ಹೇಳಿದಳು. ಹೇಳುತ್ತ ಹೇಳುತ್ತ, ತಲೆ ಎತ್ತದೆ, ಕೇಳಿಯೇಬಿಟ್ಟಳು.

"ದೀಪು, ಆ ದಿನ ಡಾಕ್ಟರಲ್ಲಿ ಮಾತಾಡಿದ್ದು ಅಮ್ಮನಾ, ನೀನಾ?"

ಅವಳು ತಲೆ ಎತ್ತಿದಾಗ ಅವನು ಮಂಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ.

"ನಾನು" ಎಂದ.

"ಎಂತ ಹೇಳಿದ್ದು?"

"ಗ್ಯಾಸ್ಟ್ರಿಕ್ ಅಂತ. ಅಮ್ಮನಿಗೆ ಯಾವಾಗ್ಲೂ ಇದ್ದದ್ದಲ್ವಾ ಅಕ್ಕ. ನಾನು ಹಾಗೆಯೇ ಅಂದ್ಕೊಂಡೆ."

"ಅಮ್ಮ ಎಂತ ಹೇಳಿದ್ದು?"

ಅವನು ತಾಯಿಯ ಮಾತನ್ನು ತಾಯಿಯ ತುಳುವಿನಲ್ಲೇ ಹೇಳಿದ. "ತಿಗಲೆಡ್ ಕಲ್ಲ್ ದೀತಿನ ಲೆಕ ಆಪುಂಡು."

ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಆಗುತ್ತಿದೆ.

"ನನ್ನ ಅಂಗಿ ಹಿಡಿದು ಎಳೀತಾ ಇದ್ರು" ಎಂದ ದೀಪೇಶ್. "ಎರಡು ಸಲ ಹೇಳಿದ್ರು. ಆ ಡಾಕ್ಟರ್ ಹುಡುಗ ಅಮ್ಮನ ಮುಖ ನೋಡಿ, ಎಂತ ಹೇಳ್ತಿದ್ದಾರೆ ಅಂತ ನನ್ನನ್ನು ಕೇಳಿದ ಅಕ್ಕ. ಕೇಳಿದ ಅವನು. ನಾನು 'ಅದೇ, ಗ್ಯಾಸ್' ಅಂದೆ. ಅಮ್ಮನಿಗೆ, ನೀನು ಸುಮ್ಮನಿರು, ನಾನು ಹೇಳ್ತೇನೆ ಅಂದೆ. ಮತ್ತೆ ಅಮ್ಮ ಮಾತಾಡ್ಲಿಲ್ಲ."

ಕುಶಲಾಳ ಕೈಯಲ್ಲಿ ಕತ್ತಿ ಹಾಗೆಯೇ ಇತ್ತು.

"ಮರುದಿನವೇ ನಂಗೆ ಗೊತ್ತಾಗಿದೆ. ಡಾಕ್ಟರಿಗೆ ಭಾಷೆ ಬರ್ಲಿಲ್ಲ ಅಂತ ಬಾಯಿಗೆ ಬಂದದ್ದು ಹೇಳಿದೆ. ನೀನೂ ಅದನ್ನೇ ಹೇಳ್ಲಿಕ್ಕೆ ಶುರು ಮಾಡಿದೆ. ಮತ್ತೆ ಹೇಗೆ ತಿರುಗಿಸುದು?" ಅವನು ಈಗ ಅವಳನ್ನು ನೇರವಾಗಿ ನೋಡುತ್ತಿದ್ದ. ಸಣ್ಣವನಿದ್ದಾಗ ಏನಾದರೂ ಒಡೆದುಹಾಕಿ ಅವಳ ಮುಖ ನೋಡುತ್ತ ನಿಲ್ಲುತ್ತಿದ್ದ ಹಾಗೆ. ಅವಳು ಏನೋ ಹೇಳುತ್ತಾಳೆ ಎಂದು ಕಾಯುತ್ತಿದ್ದ.

ತೊಕ್ಕೊಟ್ಟಿನ ಅಂಗಡಿಯಲ್ಲಿ ಅಪರಿಚಿತನೊಬ್ಬನಿಗೆ ಸಲೀಸಾಗಿ ಹೇಳಿದ ಮಾತು ಅವಳ ಬಾಯಿಗೆ ಬರಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಅಂಗಿಯನ್ನು ಎಳೆಯುವ ಅಮ್ಮನ ಕೈ, ತಂಬಾಕಿನ ಕಲೆ ಹಿಡಿದ ಬೆರಳುಗಳು. ಅವಳು ಮೀನಿನ ಪಾತ್ರೆಗೆ ನೀರು ಸುರಿದಳು.

"ಬಿಸಿಲುಂಟು. ಒಳಗೆ ಹೋಗು" ಎಂದಳು.

ಅವನು ಎದ್ದು ಒಳಗೆ ಹೋದ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವನು ಸಾರು ಬಡಿಸಿಕೊಂಡು, ಮೀನು ಮುಟ್ಟದೆ ಎದ್ದ.

ಉಳಿದ ದಿನಗಳು ಹಾಗೆಯೇ ಕಳೆದವು. ಹೊರಡುವ ದಿನ ಅವಳು ಬಜ್ಪೆಯವರೆಗೆ ಕಾರಿನಲ್ಲಿ ಜೊತೆಗೆ ಹೋದಳು. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಈ ತಿರುವು ದಾಟಲಿ ಎಂದುಕೊಂಡಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ದೀಪೇಶ್ ಬಗ್ಗಿ ಅವಳ ಕಾಲು ಮುಟ್ಟಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಬ್ಯಾಗು ಎಳೆದುಕೊಂಡು ಒಳಗೆ ಹೋದವನು ಮತ್ತೆ ತಿರುಗಿ ನೋಡಲಿಲ್ಲ.

ಅದಾದ ಮೇಲೆ ಕುಶಲಾ ಶಿಫಾರಸುಗಳನ್ನು ಹೊಸದಾಗಿ ಬರೆದಳು. ಮೊದಲ ಬಾರಿಯಷ್ಟು ವೇಗವಾಗಿ ಅಲ್ಲ. ಒಂದೊಂದು ವಾಕ್ಯ ಬರೆದು, ಅದು ನಿಲ್ಲುವ ಫಲಿತಾಂಶ ಯಾವುದೆಂದು ಪುಟ ತಿರುವಿ ನೋಡಿ, ಸರಿಯಿಲ್ಲದಿದ್ದರೆ ಹೊಡೆದುಹಾಕಿ ಮತ್ತೆ ಬರೆದಳು. 'ಮನೆಯವರು ರೋಗಿಯ ಪರವಾಗಿ ಮಾತಾಡಬಾರದು' ಎಂದು ಬರೆದಾಗ ಅದು ಫಲಿತಾಂಶಕ್ಕೆ ಸರಿಯಾಗಿಯೇ ಇತ್ತು. ಆದರೆ ಆ ವಾಕ್ಯದಲ್ಲಿ ದೀಪೇಶ್ ತಲೆ ತಗ್ಗಿಸಿ ನಿಂತಂತೆ ಕಂಡಿತು. ಅದನ್ನು ಹೊಡೆದುಹಾಕಿದಳು. ಕೊನೆಗೆ ಹೀಗೆ ಬರೆದಳು:

'ರೋಗಿಯ ಮಾತನ್ನು ವೈದ್ಯರಿಗೆ ಮುಟ್ಟಿಸುವ ಹೊಣೆಯನ್ನು ಆಸ್ಪತ್ರೆಯೇ ಹೊರಬೇಕು. ಗಾಬರಿಯಲ್ಲಿರುವ ಮಗನ, ಮಗಳ ಮೇಲೆ ಅದನ್ನು ಹೇರಬಾರದು. ತುಳು, ಬ್ಯಾರಿ, ಕೊಂಕಣಿ ಬಲ್ಲ ಒಬ್ಬರನ್ನು ತರಬೇತಿ ಕೊಟ್ಟು ಪ್ರತಿ ತುರ್ತು ವಿಭಾಗದಲ್ಲಿ ಇಡಬೇಕು. ಮನೆಯವರು ಹೇಳಿದ ಮೇಲೂ ವೈದ್ಯರು ರೋಗಿಯನ್ನು ಇನ್ನೊಮ್ಮೆ ಕೇಳಬೇಕು.'

ಅದರ ಕೆಳಗೆ ಒಂದು ವಾಕ್ಯ ಸೇರಿಸಿದಳು: 'ಮಾತು ತಪ್ಪಿ ಮುಟ್ಟಿದ್ದಕ್ಕೆ ಮನೆಯವರು ತಪ್ಪಿತಸ್ಥರಲ್ಲ.'

ಬೊನಿಫಾಸ್ ಸರ್ ಎರಡು ಸಲ ಓದಿದರು. "ಚೆನ್ನಾಗಿ ಬರೆದಿದ್ದೀರಿ. 'ಗಾಬರಿಯಲ್ಲಿರುವ' ಅನ್ನುವುದಕ್ಕೆ ಆಧಾರ ಉಂಟಾ?"

"ಪ್ರತಿಯೊಂದು ಸಂದರ್ಶನದಲ್ಲಿ ಉಂಟು ಸರ್."

"ಹಾಗಾದ್ರೆ ಇರಲಿ. ಆದ್ರೆ ಈ ಕೊನೆಯ ವಾಕ್ಯ ಶಿಫಾರಸಲ್ಲ. ಯಾರು ಏನು ಮಾಡಬೇಕು ಅಂತ ಇದು ಹೇಳುವುದಿಲ್ಲ. ಚರ್ಚೆಯ ಅಧ್ಯಾಯಕ್ಕೆ ಹಾಕುವ."

"ಇಲ್ಲಿಯೇ ಇರಲಿ ಸರ್."

"ಯಾಕೆ?"

ಅವಳು ಹೇಳಲಿಲ್ಲ. ಹೇಳಿದ್ದರೆ ಅವರು ಬಿಡುತ್ತಿದ್ದರೋ ಏನೋ. ತಮ್ಮನ ಮಾತನ್ನು ಆ ಮೇಜಿನ ಮೇಲೆ ಇಡಲು ಅವಳಿಗೆ ಮನಸ್ಸಾಗಲಿಲ್ಲ. ವಾಕ್ಯ ಹಿಂದಿನ ಅಧ್ಯಾಯಕ್ಕೆ ಹೋಯಿತು.

ವರದಿ ಬಿಡುಗಡೆಯಾದ ದಿನ ಪತ್ರಕರ್ತರು ಬಂದರು. ದಪ್ಪ ಪುಸ್ತಕವನ್ನು ಪೂರ್ತಿ ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ, ಎಲ್ಲರೂ ಕೊನೆಯ ಅಧ್ಯಾಯವನ್ನೇ ತೆರೆದರು. ಮರುದಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು: 'ರೋಗಿಯ ಜೀವಕ್ಕೆ ಮನೆಯವರ ಮಾತೇ ಕುತ್ತು'. ಕೆಳಗೆ ಅಧ್ಯಯನ ತಂಡದ ಹೆಸರುಗಳಲ್ಲಿ ಕುಶಲಾಳ ಹೆಸರೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಅದು ಊರಿನವರ, ಗಲ್ಫಿನವರ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿತು.

ಮೊದಲು ಫೋನ್ ಮಾಡಿದವನು ಅಫ್ರೋಝ್. "ಅಕ್ಕ, ನನ್ನ ತಪ್ಪಲ್ಲ ಅಂತ ನೀವೇ ಹೇಳಿದ್ದಲ್ವಾ? ಪೇಪರಲ್ಲಿ ಹೀಗೆ ಉಂಟು. ಮನೆಯಲ್ಲಿ ಎಲ್ಲರೂ ನೋಡಿದ್ರು."

ಕುಶಲಾ ಆಗಲೇ ಬಸ್ಸು ಹಿಡಿದು ತೊಕ್ಕೊಟ್ಟಿಗೆ ಹೋದಳು. ಅವನ ತಂದೆಯ ಮಂಚದ ಪಕ್ಕ ಕುಳಿತು, ವರದಿಯ ಆ ಒಂದು ವಾಕ್ಯವನ್ನು ಎಲ್ಲರಿಗೂ ಕೇಳುವಂತೆ ಓದಿದಳು. ತಂದೆ ಎಡಗೈ ಚಾಚಿ ಮಗನ ಮೊಣಕೈಯನ್ನು ಹಿಡಿದುಕೊಂಡರು.

ಅಲ್ಲಿಂದ ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಮೊಬೈಲ್ ನೋಡಿದಾಗ ದೀಪೇಶ್‌ನ ಸಂದೇಶ ಇತ್ತು. 'ಪೇಪರ್ ನೋಡಿದೆ ಅಕ್ಕ. ಸರಿಯಾಗಿಯೇ ಬರೆದಿದ್ದೀ.'

ಅವಳು ಕೂಡಲೇ ಫೋನ್ ಮಾಡಿದಳು. ಸುತ್ತ ಬಸ್ಸುಗಳ ಹಾರ್ನ್, ಕಂಡಕ್ಟರುಗಳ ಕೂಗು. ಒಂದು ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಮಾತಾಡಿದಳು.

"ದೀಪು, ಅದು ನಾನು ಬರೆದದ್ದಲ್ಲ. ಪೇಪರಿನವರು ಮಾಡಿದ್ದು. ನಾನು ಬರೆದದ್ದನ್ನು ನಿಂಗೆ ಕಳಿಸ್ತೇನೆ, ಓದು. ನಿನ್ನ ತಪ್ಪಲ್ಲ ದೀಪು. ಕೇಳ್ತಾ ಉಂಟಾ? ನಿನ್ನ ತಪ್ಪಲ್ಲ."

"ಆ ದಿನ ಹಿತ್ತಿಲಲ್ಲಿ ಹೇಳಿದ್ದರೆ ನಂಬ್ತಿದ್ದೆ ಅಕ್ಕ" ಎಂದ ಅವನು. ಸ್ವರದಲ್ಲಿ ಸಿಟ್ಟು ಇರಲಿಲ್ಲ. "ಈಗ ಹೇಳಿದ್ರೆ, ಅಕ್ಕ ಅಲ್ಲ, ವರದಿ ಬರೆದವಳು ಹೇಳಿದ ಹಾಗೆ ಆಗ್ತದೆ."

ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ.

ಕೆಲವು ತಿಂಗಳ ನಂತರ ಒಂದು ಆಸ್ಪತ್ರೆ ತನ್ನ ತುರ್ತು ವಿಭಾಗಕ್ಕೆ ಮೂರೂ ಭಾಷೆ ಬಲ್ಲ ಒಬ್ಬ ಹೆಂಗಸನ್ನು ನೇಮಿಸಿಕೊಂಡಿತು. ಬೊನಿಫಾಸ್ ಸರ್ ಸಂತೋಷದಿಂದ ಹಾಲ್ಕೋವಾ ತರಿಸಿದರು. "ಈಗಲಾದ್ರೂ ನಮ್ಮ ಒಂದು ಶಿಫಾರಸನ್ನು ಯಾರೋ ಓದಿದ್ರು. ನಿಮ್ಮದು ಕುಶಲಾ." ನತಾಶಾ ಚಪ್ಪಾಳೆ ತಟ್ಟಿದಳು. ಕುಶಲಾ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಿಟಕಿಯ ಬಳಿ ಹೋಗಿ ನಿಂತಳು. ಮುಂದಿನ ಅಧ್ಯಯನದ ಶಿಫಾರಸುಗಳನ್ನೂ ನೀವೇ ಬರೆಯಿರಿ ಎಂದು ಸರ್ ಹೇಳಿದಾಗ, "ಬೇಡ ಸರ್, ಅದು ಬೇರೆಯವರು ಬರೀಲಿ" ಎಂದಳು. ಅವರು ಕಾರಣ ಕೇಳಲಿಲ್ಲ.

ದೀಪೇಶ್ ಈಗಲೂ ಫೋನ್ ಮಾಡುತ್ತಾನೆ. ಮನೆಯ ಹಂಚು ಸರಿ ಮಾಡಿಸಿದೆಯಾ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳುತ್ತಾನೆ. ಅವಳು ಉತ್ತರಿಸುತ್ತಾಳೆ, ಅಲ್ಲಿ ಸೆಕೆ ಹೇಗುಂಟು ಎಂದು ಕೇಳುತ್ತಾಳೆ. ಅಮ್ಮನ ಹೆಸರನ್ನು ಇಬ್ಬರೂ ಎತ್ತುವುದಿಲ್ಲ. ಕಳೆದ ಮೇ ತಿಂಗಳು ಅಮ್ಮನ ತಿಥಿಗೆ ಬರುತ್ತೇನೆ ಎಂದಿದ್ದ. ಕುಶಲಾ ಎಲೆ ಹಾಕಿ ಎಲ್ಲ ಬಡಿಸಿ, ರಿಕ್ಷಾದ ಶಬ್ದ ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನೋಡಿದಳು. ಸಂಜೆ ಸಂದೇಶ ಬಂತು: 'ರಜೆ ಸಿಗ್ಲಿಲ್ಲ ಅಕ್ಕ.' ಅವಳು ಅದನ್ನು ಓದಿ, ಎಲೆಯಲ್ಲಿದ್ದುದನ್ನು ಕಾಗೆಗಳಿಗೆ ಹಾಕಿ, ಹಿತ್ತಿಲಿನಲ್ಲಿ ಬಹಳ ಹೊತ್ತು ನಿಂತಿದ್ದಳು.